ನಿಘಂಟುಕಾರ ಕಿಟೆಲರು

ಕನ್ನಡ ನುಡಿಯ ಸೇವೆಯಲ್ಲಿ ತಮ್ಮ ಬಾಳನ್ನು ಸವೆಸಿದ ಹೊರನಾಡಿನ ವಿದ್ವಾಂಸರಲ್ಲಿ ರೆವರೆಂಡ್ ಫರ್ಡಿನೆಂಡ್ ಕಿಟೆಲರ ಹೆಸರು ಅಗ್ರಗಣ್ಯವಾದುದು. ಅವರು ರಚಿಸಿದ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದಿತು. ಅದರಲ್ಲಿ ಸುಮಾರು ೭೦,೦೦೦ ಪದಗಳಿವೆ. ಪುಟಗಳ ಸಂಖ್ಯೆ ೧೭೫೨. ಗಾತ್ರವೊಂದೇ ಈ ಗ್ರಂಥದ ಹಿರಿಮೆಯಲ್ಲ. ಪದಗಳನ್ನು ಒಂದರ ಕೆಳಗೊಂದು ಬರೆದಿಟ್ಟರೆ ಅದು ಬರಿಯ ಪಟ್ಟಿಯಾಗುತ್ತದೆ. ಯಾವ ಪದ ಯಾವ ಪದವನ್ನು ಆಶ್ರಯಿಸಿ ನಿಂತಿದೆ ಎಂಬುದನ್ನು ಕಂಡುಕೊಂಡು, ಆ ನಂಟು ಎಲ್ಲಿಯೂ ಕಡಿಯದಂತೆ ಕಾಯ್ದುಕೊಂಡಾಗಲೇ ಅದು ನಿಘಂಟು ಎನಿಸಿಕೊಳ್ಳುತ್ತದೆ. ಈ ಕಾಯಕವನ್ನು ಸುಮಾರು ಎರಡು ದಶಕಗಳ ಕಾಲ ನಿಷ್ಠೆಯಿಂದ ನಡೆಸಿದ ಮಹನೀಯರು ಕಿಟೆಲರು.

ಕಿಟೆಲರು ಹುಟ್ಟಿದ್ದು ೧೮೩೨ರ ಏಪ್ರಿಲ್ ತಿಂಗಳಿನಲ್ಲಿ, ಜರ್ಮನಿಯ ವಾಯವ್ಯ ಕರಾವಳಿಗೆ ಸಮೀಪದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಕ್ರೈಸ್ತ ಧರ್ಮಗುರುಗಳು. ಮನೆಯಲ್ಲಿ ಓದಿನ ವಾತಾವರಣವಿದ್ದಿತು. ಬಾಲಕನಿಗೆ ಎಳವೆಯಿಂದಲೇ ಭಾಷೆಗಳಲ್ಲಿ ಆಸಕ್ತಿ ಬೆಳೆಯಿತು. ಲ್ಯಾಟಿನ್, ಗ್ರೀಕ್ ಮೊದಲಾದ ಪ್ರಾಚೀನ ಭಾಷೆಗಳ ಅಭ್ಯಾಸ ಮುಂದೆ ಅವರಿಗೆ ಬಹಳವಾಗಿ ನೆರವಾಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ ಮಿಷನ್ ಸಂಸ್ಥೆಯಲ್ಲಿ ಶಿಕ್ಷಣ ಪಡೆದು, ೧೮೫೩ರಲ್ಲಿ ಅವರು ಭಾರತಕ್ಕೆ ಬಂದರು. ಆಗ ಅವರ ವಯಸ್ಸು ಇಪ್ಪತ್ತೊಂದು.

ಬಂದ ಹೊಸತರಲ್ಲಿ ಅವರು ಧಾರವಾಡ ಪ್ರಾಂತದಲ್ಲಿ ನೆಲೆಸಿದರು. ಮುಂದೆ ಮಂಗಳೂರು, ಮಡಿಕೇರಿ, ಹುಬ್ಬಳ್ಳಿಗಳಲ್ಲಿಯೂ ಕೆಲಸ ಮಾಡಿದರು. ಧರ್ಮಪ್ರಚಾರಕ್ಕೆಂದು ಬಂದವರನ್ನು ಕನ್ನಡ ಭಾಷೆ ಬೇರೊಂದು ದಾರಿಗೆ ಸೆಳೆಯಿತು. ವಿವಿಧ ಪ್ರಾಂತಗಳ ಜನರ ಆಡುಮಾತು, ಗಾದೆಗಳು, ಹಳೆಯ ಓಲೆಗರಿಗಳು, ಕಾವ್ಯ, ವ್ಯಾಕರಣ ಇವೆಲ್ಲವೂ ಅವರ ಅಧ್ಯಯನದ ವಸ್ತುಗಳಾದವು. ಧಾರವಾಡದ ಕನ್ನಡಕ್ಕೂ ಕರಾವಳಿಯ ಕನ್ನಡಕ್ಕೂ ಇರುವ ವ್ಯತ್ಯಾಸವನ್ನು ಅವರು ಕಿವಿಯಾರೆ ಕೇಳಿದರು. ಕನ್ನಡ ಪಂಡಿತರ ನೆರವಿನಿಂದ ಹಳಗನ್ನಡವನ್ನು ಕಲಿತರು.

ಈ ವಿದ್ಯಾವ್ಯಾಸಂಗಕ್ಕೆ ಮಂಗಳೂರು ತಕ್ಕ ನೆಲೆಯಾಗಿದ್ದಿತು. ಬಾಸೆಲ್ ಮಿಷನ್ ಅಲ್ಲಿ ೧೮೩೪ರಿಂದಲೇ ಕಾರ್ಯ ನಡೆಸುತ್ತಿದ್ದಿತು. ೧೮೪೧ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವು ೧೮೪೩ರಲ್ಲಿ ಹೊರಟಿತು. ಮುಂದೆ ಕಲ್ಲಚ್ಚಿನ ಜಾಗದಲ್ಲಿ ಅಚ್ಚುಮೊಳೆಗಳು ಬಂದವು. ಇದೇ ಮುದ್ರಣಾಲಯವು ದಕ್ಷಿಣದ ಮೂರು ಸೋದರಭಾಷೆಗಳಿಗೆ ನಿಘಂಟುಗಳನ್ನು ಕೊಟ್ಟಿತು. ೧೮೭೨ರಲ್ಲಿ ಗುಂಡರ್ಟರ ಮಲಯಾಳ ನಿಘಂಟು, ೧೮೮೬ರಲ್ಲಿ ಮ್ಯಾನರರ ತುಳು ನಿಘಂಟು, ೧೮೯೪ರಲ್ಲಿ ಕಿಟೆಲರ ಕನ್ನಡ ನಿಘಂಟು ಅಲ್ಲಿ ಪ್ರಕಟವಾದವು. ಒಂದು ಕಡಲ ತೀರದ ಪಟ್ಟಣಕ್ಕೆ ಇದು ಸಾಮಾನ್ಯ ಕೀರ್ತಿಯಲ್ಲ.

ನಿಘಂಟಿಗೆ ಮೊದಲು ಕಿಟೆಲರು ಎರಡು ಪ್ರಾಚೀನ ಗ್ರಂಥಗಳನ್ನು ಸಂಪಾದಿಸಿದರು. ಕೇಶಿರಾಜನ ಶಬ್ದಮಣಿದರ್ಪಣವು ೧೮೭೨ರಲ್ಲಿಯೂ ನಾಗವರ್ಮನ ಛಂದೋಗ್ರಂಥವು ೧೮೭೫ರಲ್ಲಿಯೂ ಮಂಗಳೂರಿನಲ್ಲಿ ಅಚ್ಚಾದವು. ಶಬ್ದಮಣಿದರ್ಪಣದ ರಚನೆಯನ್ನು ಗಮನಿಸಿದರೆ ಆ ಸಂಪಾದನೆಯ ಕಷ್ಟ ತಿಳಿಯುತ್ತದೆ. ಮೊದಲು ಪದ್ಯರೂಪದ ಸೂತ್ರ. ಅದರ ಅರ್ಥವನ್ನು ಬಿಡಿಸುವ ವೃತ್ತಿ. ಆ ನಿಯಮಕ್ಕೆ ಉದಾಹರಣೆಯಾಗಿ ಪ್ರಯೋಗಗಳು. ವೃತ್ತಿಯು ಸೂತ್ರವನ್ನು ಆಶ್ರಯಿಸಿದೆ. ಪ್ರಯೋಗವು ಎರಡನ್ನೂ ಆಶ್ರಯಿಸಿದೆ. ಓಲೆಗರಿಯ ಪ್ರತಿಗಳು ಒಂದಕ್ಕೊಂದು ಹೊಂದದಿದ್ದಾಗ ಸಂಪಾದಕನು ಸೂತ್ರದ ಒಂದು ಅಕ್ಷರವನ್ನು ತಿದ್ದಬೇಕಾಗಿ ಬರಬಹುದು. ತಿದ್ದಿದ ಮೇಲೆ ಕೆಳಗಿನ ವೃತ್ತಿ ಅದಕ್ಕೆ ಒಪ್ಪುತ್ತದೆಯೆ, ಪ್ರಯೋಗಗಳು ಇನ್ನೂ ಆ ನಿಯಮಕ್ಕೆ ಸಾಕ್ಷಿಯಾಗಿ ನಿಲ್ಲುತ್ತವೆಯೆ ಎಂದು ನೋಡದೆ ಮುಂದುವರಿಯುವಂತಿಲ್ಲ. ತಳದ ಕಲ್ಲನ್ನು ಅಲುಗಿಸುವವನು ಮೇಲಿನ ಕಲ್ಲುಗಳ ಹೊಣೆಯನ್ನೂ ಹೊರಬೇಕು. ಶಾಸ್ತ್ರಗ್ರಂಥಗಳ ಸಂಪಾದನೆ ಕಲಿಸುವ ಮೊದಲ ಪಾಠವಿದು; ನಿಘಂಟಿನ ಕೆಲಸದಲ್ಲಿ ಇದು ಸಾವಿರ ಪಾಲು ದೊಡ್ಡದಾಯಿತು.

ಕಿಟೆಲರಿಗಿಂತ ಮೊದಲು ಕನ್ನಡಕ್ಕೆ ನಿಘಂಟು ಇರಲಿಲ್ಲವೆಂದಲ್ಲ. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ೧೮೩೨ರಲ್ಲಿಯೇ ಬಂದಿದ್ದಿತು. ಅದನ್ನು ಸ್ಯಾಂಡರ್ಸನ್ ಪರಿಷ್ಕರಿಸಿ ೧೮೫೮ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದ್ದರು. ಕಿಟೆಲರ ಗುರಿ ಇನ್ನೂ ವಿಶಾಲವಾಗಿದ್ದಿತು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಂದೇ ಗ್ರಂಥದಲ್ಲಿ ತರಬೇಕು. ಪದ ಅಚ್ಚಗನ್ನಡವೋ, ಸಂಸ್ಕೃತದಿಂದ ಬಂದದ್ದೋ, ಬೇರೆ ಭಾಷೆಯದೋ ಎಂದು ತೋರಿಸಬೇಕು. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳಲ್ಲಿರುವ ಜ್ಞಾತಿಪದಗಳನ್ನು ಕೊಡಬೇಕು. ಗ್ರಂಥಗಳಿಂದಲೂ ಗಾದೆಗಳಿಂದಲೂ ಪ್ರಯೋಗ ಕೊಡಬೇಕು. ಇಂತಹ ನಿಘಂಟಿನಲ್ಲಿ ಯಾವ ಪದವೂ ಒಂಟಿಯಾಗಿರಲು ಸಾಧ್ಯವಿಲ್ಲ.

ಒಂದು ಸಣ್ಣ ನಿದರ್ಶನದಿಂದ ಇದನ್ನು ತಿಳಿಯಬಹುದು. ಅರಿ ಎಂದರೆ ಕತ್ತರಿಸು ಎಂಬುದು ಕನ್ನಡ ಪದ. ಅರಿ ಎಂದರೆ ಶತ್ರು ಎಂಬುದು ಸಂಸ್ಕೃತದಿಂದ ಬಂದ ಪದ. ರೂಪ ಒಂದೇ, ಪದಗಳು ಎರಡು. ಇವನ್ನು ಬೇರ್ಪಡಿಸಲು ನಿಘಂಟುಕಾರನು ೧, ೨ ಎಂದು ಅಂಕೆ ಕೊಡುತ್ತಾನೆ. ಬೇರೆ ಪುಟಗಳಲ್ಲಿ ಈ ಪದಗಳ ಮಾತು ಬಂದಾಗ ಪೂರ್ತಿ ವಿವರಣೆಯನ್ನು ಮತ್ತೆ ಬರೆಯದೆ, ಇಂತಹ ಅಂಕೆಯ ಪದವನ್ನು ನೋಡಿ ಎಂದಷ್ಟೇ ಸೂಚಿಸುತ್ತಾನೆ. ಇದರಿಂದ ಜಾಗ ಉಳಿಯುತ್ತದೆ. ಒಂದೇ ವಿವರಣೆ ಹತ್ತು ಕಡೆ ಹತ್ತು ರೀತಿಯಾಗುವ ಅಪಾಯವೂ ತಪ್ಪುತ್ತದೆ. ಆದರೆ ಹೊಸ ಆಕರವೊಂದರಲ್ಲಿ ಅದೇ ರೂಪದ ಮತ್ತೊಂದು ಪದ ದೊರೆತು, ಅದನ್ನು ಮೊದಲಲ್ಲಿ ಸೇರಿಸಿದರೆ ೧ ಇದ್ದುದು ೨ ಆಗುತ್ತದೆ, ೨ ಇದ್ದುದು ೩ ಆಗುತ್ತದೆ. ಆ ಪುಟದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತಪ್ಪು ಹುಟ್ಟುವುದು ದೂರದ ಪುಟಗಳಲ್ಲಿ. ಅಲ್ಲಿನ ಸೂಚನೆಗಳು ಹಳೆಯ ಅಂಕೆಯನ್ನೇ ಹಿಡಿದು ನಿಂತಿರುತ್ತವೆ. ಶತ್ರು ಎಂಬ ಅರ್ಥವನ್ನು ಅರಸಿ ಹೋದ ಓದುಗನು ಕತ್ತರಿಸುವ ಅರ್ಥದ ಎದುರು ನಿಲ್ಲುತ್ತಾನೆ.

ತದ್ಭವಗಳ ವಿಷಯವೂ ಹೀಗೆಯೇ. ಬಣ್ಣ ಎಂಬುದಕ್ಕೆ ಮೂಲ ವರ್ಣ. ಆಗಸಕ್ಕೆ ಮೂಲ ಆಕಾಶ. ನಿಘಂಟಿನಲ್ಲಿ ತದ್ಭವವು ತನ್ನ ಮೂಲಪದದ ಕಡೆಗೆ ಬೆರಳು ತೋರಿಸುತ್ತದೆ. ಮೂಲಪದವನ್ನು ಅನವಶ್ಯಕವೆಂದು ತೆಗೆದುಹಾಕಿದರೆ ತದ್ಭವವು ತಬ್ಬಲಿಯಾಗುತ್ತದೆ. ಯಾವುದು ಮೂಲ, ಯಾವುದು ಆಶ್ರಿತ ಎಂಬ ನಿರ್ಣಯವೂ ಸುಲಭವಲ್ಲ. ಸಂಸ್ಕೃತವೆಂದು ತಿಳಿದ ಎಷ್ಟೋ ಪದಗಳು ದ್ರಾವಿಡ ಭಾಷೆಗಳಿಂದಲೇ ಸಂಸ್ಕೃತಕ್ಕೆ ಹೋಗಿರಬಹುದೆಂದು ಕಿಟೆಲರು ಅಭಿಪ್ರಾಯಪಟ್ಟು, ಅಂತಹ ಪದಗಳ ಒಂದು ಪಟ್ಟಿಯನ್ನೇ ನಿಘಂಟಿನ ಮುನ್ನುಡಿಯಲ್ಲಿ ಕೊಟ್ಟರು. ಇಂತಹ ಒಂದು ನಿರ್ಣಯ ತಿರುಗಿತೆಂದರೆ ಎರಡು ಪದಗಳ ವಿವರಣೆಯೂ ತಿರುಗಬೇಕಾಗುತ್ತದೆ.

ಗ್ರಂಥಗಳ ಹೆಸರುಗಳನ್ನು ಪ್ರತಿಯೊಂದು ಕಡೆಯೂ ಪೂರ್ತಿಯಾಗಿ ಬರೆಯುವುದು ಸಾಧ್ಯವಿಲ್ಲವಾದುದರಿಂದ ಕಿಟೆಲರು ಸಂಕ್ಷೇಪಾಕ್ಷರಗಳನ್ನು ಬಳಸಿದರು. ಅವುಗಳ ವಿವರ ಗ್ರಂಥದ ಆರಂಭದಲ್ಲಿದೆ. ಆ ಒಂದು ಪಟ್ಟಿಯನ್ನು ನಂಬಿಕೊಂಡು ನೂರಾರು ಪುಟಗಳ ಸಾವಿರಾರು ಉಲ್ಲೇಖಗಳು ನಿಂತಿವೆ. ಪಟ್ಟಿಯಲ್ಲಿ ಒಂದು ಸಂಕೇತವನ್ನು ಬದಲಾಯಿಸುವುದು ಒಂದು ಗೆರೆಯ ಕೆಲಸ. ಅದನ್ನು ಆಶ್ರಯಿಸಿದ ಉಲ್ಲೇಖಗಳನ್ನೆಲ್ಲ ಹುಡುಕಿ ತಿದ್ದುವುದು ತಿಂಗಳುಗಳ ಕೆಲಸ.

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ವರ್ಣಮಾಲೆಯದು. ಹಳಗನ್ನಡದಲ್ಲಿ ಱ, ೞ ಎಂಬ ಎರಡು ಅಕ್ಷರಗಳಿದ್ದವು. ಕಾಲಕ್ರಮದಲ್ಲಿ ಱಕಾರವು ರಕಾರದಲ್ಲಿಯೂ ೞಕಾರವು ಬಹುಮಟ್ಟಿಗೆ ಳಕಾರದಲ್ಲಿಯೂ ಸೇರಿಹೋದವು. ಕಿಟೆಲರ ಕಾಲಕ್ಕೆ ಇವು ಬಳಕೆಯಿಂದ ಮರೆಯಾಗಿ ಬಹುಕಾಲವಾಗಿದ್ದಿತು. ಇವನ್ನು ಕೈಬಿಟ್ಟಿದ್ದರೆ ಕೆಲಸ ಹಗುರವಾಗುತ್ತಿದ್ದಿತು. ಆದರೆ ಹಾಗೆ ಮಾಡಿದರೆ ಏನಾಗುತ್ತಿದ್ದಿತು? ತಿಳಿ ಎಂಬ ಅರ್ಥದ ಅಱಿಯು ಕತ್ತರಿಸು ಎಂಬ ಅರ್ಥದ ಅರಿಯೊಡನೆ ಬೆರೆಯುತ್ತಿದ್ದಿತು. ಜೀವಿಸು ಎಂಬ ಅರ್ಥದ ಬಾೞ್ ಎಂಬುದು ಕತ್ತಿ ಎಂಬ ಅರ್ಥದ ಬಾಳ್ ಎಂಬುದರೊಡನೆ ಒಂದಾಗುತ್ತಿದ್ದಿತು. ಅಱಿಯಿಂದ ಹುಟ್ಟಿದ ಅರಿವು ಮೊದಲಾದ ಪದಗಳು ತಮ್ಮ ತಾಯಿಬೇರನ್ನು ಕಳೆದುಕೊಳ್ಳುತ್ತಿದ್ದವು. ತಮಿಳು, ಮಲಯಾಳದ ಜ್ಞಾತಿಪದಗಳೊಡನೆ ಇರುವ ನಂಟಿನ ಗುರುತೂ ಅಳಿಸಿಹೋಗುತ್ತಿದ್ದಿತು. ಎರಡು ಅಕ್ಷರಗಳನ್ನು ತೆಗೆಯುವುದೆಂದರೆ ಅವುಗಳ ಮೇಲೆ ನಿಂತ ಇಡೀ ಸಂಸಾರವನ್ನು ಕದಲಿಸಿದಂತೆ. ಕಿಟೆಲರು ಆ ಅಕ್ಷರಗಳನ್ನು ಉಳಿಸಿಕೊಂಡರು.

ಹಾಗೆಂದು ಅವರು ಹಳೆಯದಕ್ಕೆ ಮಾತ್ರ ಅಂಟಿಕೊಂಡವರಲ್ಲ. ಭಾಷೆ ಬದಲಾಗಿದ್ದನ್ನೂ ದಾಖಲೆ ಮಾಡಿದರು. ಹಳಗನ್ನಡದ ಪಾಲ್ ಹೊಸಗನ್ನಡದಲ್ಲಿ ಹಾಲು ಆಯಿತು, ಪುಲಿಯು ಹುಲಿಯಾಯಿತು. ಪಕಾರವೂ ಹಕಾರವೂ ವರ್ಣಮಾಲೆಯಲ್ಲಿ ದೂರದೂರದ ಅಕ್ಷರಗಳು. ಪಂಪನ ಕಾವ್ಯವನ್ನು ಓದುವವನು ಪಕಾರದಲ್ಲಿ ಹುಡುಕುತ್ತಾನೆ. ಪೇಟೆಯ ವ್ಯಾಪಾರಿಯ ಮಾತನ್ನು ಕೇಳಿದವನು ಹಕಾರದಲ್ಲಿ ಹುಡುಕುತ್ತಾನೆ. ಹೊಸ ರೂಪ ಬಂದಿತೆಂದು ಹಳೆಯದನ್ನು ಅಳಿಸಿದರೆ ಮೊದಲನೆಯವನಿಗೆ ದಾರಿ ಮುಚ್ಚುತ್ತದೆ. ಆದುದರಿಂದ ನಿಘಂಟಿನಲ್ಲಿ ಎರಡೂ ರೂಪಗಳು ತಮ್ಮ ತಮ್ಮ ಸ್ಥಾನದಲ್ಲಿ ಉಳಿದು, ಒಂದು ಇನ್ನೊಂದನ್ನು ತೋರಿಸುತ್ತವೆ. ಬದಲಾವಣೆಯನ್ನು ಒಪ್ಪಿಕೊಳ್ಳುತ್ತಲೇ, ಹಳೆಯ ಹೆಸರನ್ನು ನಂಬಿ ಬಂದವರ ಕೈಬಿಡದ ಉಪಾಯವಿದು.

ಕೈಬರಹದಲ್ಲಿ ಇಷ್ಟೆಲ್ಲ ಸರಿಯಾದ ಮೇಲೆ ಅಚ್ಚಿನ ಮನೆಯ ಕಷ್ಟ ಆರಂಭವಾಗುತ್ತದೆ. ಆ ಕಾಲದಲ್ಲಿ ಒಂದೊಂದು ಅಕ್ಷರದ ಮೊಳೆಯನ್ನೂ ಕೈಯಿಂದ ಆರಿಸಿ ಜೋಡಿಸಬೇಕಾಗಿದ್ದಿತು. ಕನ್ನಡದ ಒತ್ತಕ್ಷರಗಳು, ಇಂಗ್ಲಿಷಿನ ವಿವರಣೆ, ಉಚ್ಚಾರಣೆಯ ಗುರುತುಗಳು, ಅಂಕೆಗಳು ಒಂದೇ ಸಾಲಿನಲ್ಲಿ ಬರುತ್ತಿದ್ದವು. ಜೋಡಿಸಿದ ಪುಟದ ನಡುವೆ ಎರಡು ಸಾಲು ಸೇರಿಸಿದರೆ ಕೆಳಗಿನ ಎರಡು ಸಾಲು ಮುಂದಿನ ಪುಟಕ್ಕೆ ಜರುಗುತ್ತವೆ. ಆ ಪುಟದಿಂದ ಮತ್ತೆರಡು ಸಾಲು ಅದರ ಮುಂದಿನ ಪುಟಕ್ಕೆ ಹೋಗುತ್ತವೆ. ಅಚ್ಚಾಗಿ ಹೋದ ಹಾಳೆಯನ್ನಂತೂ ತಿದ್ದುವ ಮಾತೇ ಇಲ್ಲ. ಅಕಾರದ ಹಾಳೆಗಳು ಮುದ್ರಣವಾದ ಮೇಲೆ ಹಕಾರದಲ್ಲಿ ಹೊಸ ಸಂಗತಿ ತಿಳಿದುಬಂದರೆ ಹಿಂದಕ್ಕೆ ಹೋಗಿ ಅಂಕೆ ಬದಲಾಯಿಸಲಾಗದು. ಯಾವ ಪದದ ಮೇಲೆ ಯಾವುದು ನಿಂತಿದೆ ಎಂಬುದನ್ನು ಮೊಳೆ ಜೋಡಿಸುವ ಮೊದಲೇ ತಿಳಿದಿರಬೇಕಾಗಿದ್ದಿತು. ಮಂಗಳೂರಿನ ಅಚ್ಚುಕೂಟದ ಜೋಡಣೆಗಾರರೂ ಕರಡಚ್ಚು ತಿದ್ದಿದವರೂ ಈ ಕೀರ್ತಿಯಲ್ಲಿ ಪಾಲುದಾರರು.

ಈ ದೀರ್ಘ ಪರಿಶ್ರಮದ ನಡುವೆ ಕಿಟೆಲರ ಸ್ವಂತ ಬದುಕು ಸುಖಮಯವಾಗಿರಲಿಲ್ಲ. ೧೮೬೦ರಲ್ಲಿ ಅವರು ಪೌಲೀನಾ ಎಂಬ ಕನ್ಯೆಯನ್ನು ವರಿಸಿದರು. ಕೆಲವೇ ವರ್ಷಗಳಲ್ಲಿ ಆಕೆ ತೀರಿಕೊಂಡರು. ಅನಂತರ ಆಕೆಯ ಸೋದರಿಯನ್ನು ಅವರು ಮದುವೆಯಾದರು. ೧೮೭೭ರಲ್ಲಿ ಜರ್ಮನಿಗೆ ಮರಳಿ ಹೋದರೂ ನಿಘಂಟಿನ ಕೆಲಸ ಅವರನ್ನು ಬಿಡಲಿಲ್ಲ. ೧೮೮೩ರಲ್ಲಿ ಮತ್ತೆ ಕನ್ನಡ ನಾಡಿಗೆ ಬಂದರು. ಆಗ ಅವರಿಗೆ ಐವತ್ತು ಕಳೆದಿದ್ದಿತು. ಪುಸ್ತಕಗಳಿಂದ ಮಾತ್ರ ಬಗೆಹರಿಯದ ಸಂದೇಹಗಳನ್ನು ಜನರ ನಡುವೆ ಇದ್ದೇ ಬಗೆಹರಿಸಿಕೊಳ್ಳಬೇಕಾಗಿದ್ದಿತು. ೧೮೯೨ರಲ್ಲಿ ಅವರು ಕೊನೆಯ ಬಾರಿಗೆ ಭಾರತವನ್ನು ಬಿಟ್ಟರು. ಎರಡು ವರ್ಷಗಳ ಅನಂತರ, ಅವರು ದೂರದ ತ್ಯೂಬಿಂಗೆನ್ ನಗರದಲ್ಲಿರುವಾಗ, ಮಂಗಳೂರಿನಲ್ಲಿ ನಿಘಂಟು ಬೆಳಕು ಕಂಡಿತು. ತ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ೧೮೯೬ರಲ್ಲಿ ಅವರಿಗೆ ಡಾಕ್ಟರೇಟ್ ಪದವಿಯನ್ನಿತ್ತು ಗೌರವಿಸಿತು. ಅವರ ಕನ್ನಡ ವ್ಯಾಕರಣ ಗ್ರಂಥವು ೧೯೦೩ರಲ್ಲಿ ಮಂಗಳೂರಿನಲ್ಲಿಯೇ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತ್ಯೂಬಿಂಗೆನ್‌ನಲ್ಲಿ ನಿಧನರಾದರು.

ಮಹಾಗ್ರಂಥಕ್ಕೂ ಕಾಲಕ್ಕೆ ತಕ್ಕ ಪರಿಷ್ಕರಣ ಬೇಕಾಗುತ್ತದೆ. ಶಾಸನಗಳೂ ಪ್ರಾಚೀನ ಕಾವ್ಯಗಳೂ ಒಂದೊಂದಾಗಿ ಪ್ರಕಟವಾದಂತೆ ಕಿಟೆಲರು ಕಾಣದಿದ್ದ ಪದಗಳು ಬೆಳಕಿಗೆ ಬಂದವು. ದಕ್ಷಿಣ ಕನ್ನಡದವರಾದ ವಿದ್ವಾಂಸ ಎಂ. ಮರಿಯಪ್ಪ ಭಟ್ಟರು ಈ ನಿಘಂಟನ್ನು ಪರಿಷ್ಕರಿಸಿ ವಿಸ್ತರಿಸಿದರು. ಮದರಾಸು ವಿಶ್ವವಿದ್ಯಾನಿಲಯವು ಅದನ್ನು ೧೯೬೮ರಿಂದ ೧೯೭೧ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಹೊಸ ಮನೆ ಕಟ್ಟುವುದಕ್ಕಿಂತ ಜನ ವಾಸಿಸುತ್ತಿರುವ ಮನೆಯ ತೊಲೆಯನ್ನು ಬದಲಾಯಿಸುವುದು ಹೆಚ್ಚು ಕಷ್ಟದ ಕೆಲಸ. ಮುಕ್ಕಾಲು ಶತಮಾನದಿಂದ ವಿದ್ವಾಂಸರು ಆಧಾರವಾಗಿ ಹಿಡಿದಿದ್ದ ಕೋಶವನ್ನು ಕೈಗೆತ್ತಿಕೊಳ್ಳುವವನು ಅದರ ಒಳಗಿನ ನಂಟುಗಳನ್ನೂ ಹೊರಗಿನವರ ನಂಬಿಕೆಯನ್ನೂ ನೆನಪಿನಲ್ಲಿಡಬೇಕಾಗುತ್ತದೆ.

ಕಿಟೆಲರನ್ನು ಕಾಡಿದ ಈ ಸಮಸ್ಯೆ ಇಂದು ಗಣಕಯಂತ್ರದ ಲೋಕದಲ್ಲಿ ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಎಡ್ಗರ್ ಕಾಡ್ ಎಂಬ ವಿಜ್ಞಾನಿ ೧೯೭೦ರಲ್ಲಿ, ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಇಡುವ ಕ್ರಮವನ್ನು ಪ್ರತಿಪಾದಿಸಿದರು. ಇಂತಹ ಸಂಗ್ರಹಕ್ಕೆ ಡೇಟಾಬೇಸ್ ಎಂದು ಹೆಸರು. ಶಾಲೆಯ ಕಚೇರಿಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ದಾಖಲಾತಿ ಪುಸ್ತಕದಲ್ಲಿ ವಿದ್ಯಾರ್ಥಿಯ ಹೆಸರು, ವಿಳಾಸ, ದಾಖಲಾತಿ ಸಂಖ್ಯೆಗಳಿರುತ್ತವೆ. ಅಂಕಗಳ ಪುಸ್ತಕದಲ್ಲಿಯೂ ಗ್ರಂಥಾಲಯದ ಪುಸ್ತಕದಲ್ಲಿಯೂ ಆ ಸಂಖ್ಯೆಯನ್ನು ಮಾತ್ರ ಬರೆದುಕೊಂಡರೆ ಸಾಕು. ಆದರೆ ದಾಖಲಾತಿ ಪುಸ್ತಕವನ್ನು ಹೊಸದಾಗಿ ಬರೆಯುವವನು ಸಂಖ್ಯೆಗಳನ್ನು ತನಗೆ ತೋಚಿದಂತೆ ಬದಲಾಯಿಸಿದರೆ ಒಬ್ಬನ ಅಂಕ ಇನ್ನೊಬ್ಬನಿಗೆ ಹೋಗುತ್ತದೆ. ಅರಿ ಎಂಬ ಪದದ ಅಂಕೆ ಜರುಗಿದಾಗ ಓದುಗನಿಗೆ ಆದ ಗತಿಯೇ ಇಲ್ಲಿ ವಿದ್ಯಾರ್ಥಿಗೆ ಆಗುತ್ತದೆ.

ಗಣಕದ ಕೋಷ್ಟಕಗಳ ಮೇಲೆ ಇಂತಹ ಆಶ್ರಿತಗಳು ಹಲವು. ಒಂದು ಕೋಷ್ಟಕದ ಸಂಖ್ಯೆಯನ್ನು ನಂಬಿದ ಇನ್ನೊಂದು ಕೋಷ್ಟಕ, ಹಲವು ಕೋಷ್ಟಕಗಳಿಂದ ಆಯ್ದು ತೋರಿಸುವ ನೋಟ, ಬೇಗನೆ ಹುಡುಕಲು ನೆರವಾಗುವ ಸೂಚಿ, ಲೆಕ್ಕ ಹಾಕುವ ಆದೇಶಮಾಲೆ ಇವೆಲ್ಲ ಮೂಲಕೋಷ್ಟಕದ ಅಂಕಣಗಳನ್ನು ಆಧರಿಸಿರುತ್ತವೆ. ಕೆಲವು ಡೇಟಾಬೇಸುಗಳು ಆಶ್ರಿತಗಳಿರುವ ಅಂಕಣವನ್ನು ಅಳಿಸಲು ಒಪ್ಪುವುದೇ ಇಲ್ಲ. ಒತ್ತಾಯದ ಆದೇಶವಿತ್ತರೆ ಆಶ್ರಿತಗಳನ್ನೂ ಜೊತೆಯಲ್ಲಿಯೇ ಅಳಿಸಿಬಿಡುತ್ತವೆ. ಇನ್ನು ಕೆಲವು ಸದ್ದಿಲ್ಲದೆ ಒಪ್ಪಿಕೊಂಡು, ಯಾರಾದರೂ ಆ ನೋಟವನ್ನು ಬಳಸಹೊರಟಾಗ ಮಾತ್ರ ದೋಷವನ್ನು ತೋರಿಸುತ್ತವೆ. ಆದುದರಿಂದ ಬಲ್ಲವರು ಮೊದಲು ಆಶ್ರಿತಗಳನ್ನು ಪಟ್ಟಿಮಾಡುತ್ತಾರೆ. ಆಶ್ರಿತಗಳ ಆಶ್ರಿತಗಳನ್ನೂ ಬಿಡುವುದಿಲ್ಲ. ಅವುಗಳ ರಚನೆಯನ್ನು ಬರೆದಿಟ್ಟುಕೊಳ್ಳುತ್ತಾರೆ. ಬಿಚ್ಚಬೇಕಾದುದನ್ನು ಹೊರಗಿನಿಂದ ಒಳಕ್ಕೆ ಬಿಚ್ಚಿ, ಮೂಲವನ್ನು ಬದಲಾಯಿಸಿ, ಒಳಗಿನಿಂದ ಹೊರಕ್ಕೆ ಮತ್ತೆ ಕಟ್ಟುತ್ತಾರೆ. ಕೊನೆಯಲ್ಲಿ ಪ್ರತಿಯೊಂದನ್ನೂ ಪರೀಕ್ಷಿಸುತ್ತಾರೆ. ಬೇಕಾದಲ್ಲಿ ಹಳೆಯ ಹೆಸರನ್ನೂ ಉಳಿಸಿ, ಅದು ಹೊಸದರ ಕಡೆಗೆ ದಾರಿ ತೋರುವಂತೆ ಮಾಡುತ್ತಾರೆ. ಪಾಲ್ ಎಂಬುದು ಹಾಲಿನ ಕಡೆಗೆ ದಾರಿ ತೋರುವ ಕ್ರಮವೇ ಇದು.

ಗಣಕವು ಆಶ್ರಿತಗಳ ಪಟ್ಟಿಯನ್ನು ಕ್ಷಣಮಾತ್ರದಲ್ಲಿ ಕೊಡಬಲ್ಲದು. ಕಿಟೆಲರಿಗೆ ಅಂತಹ ಸಾಧನವಿರಲಿಲ್ಲ. ಕೈಬರಹದ ಹಾಳೆಗಳು, ತೀಕ್ಷ್ಣವಾದ ನೆನಪು, ಪಂಡಿತರ ನೆರವು, ಬೇಸರವಿಲ್ಲದೆ ಮತ್ತೆ ಮತ್ತೆ ಪರಿಶೀಲಿಸುವ ಸಹನೆ ಇವೇ ಅವರ ಬಂಡವಾಳ. ಅವರ ಕೋಶದಲ್ಲಿಯೂ ದೋಷಗಳಿಲ್ಲವೆಂದು ಹೇಳಲಾಗದು. ಆದರೆ ಅದರಲ್ಲಿ ಪದಗಳನ್ನು ಕಟ್ಟಿದ ಹೊಲಿಗೆ ಬಲವಾದುದರಿಂದಲೇ ಮುಂದಿನವರು ಅದನ್ನು ಒಡೆಯದೆ ವಿಸ್ತರಿಸುವುದು ಸಾಧ್ಯವಾಯಿತು. ಧಾರವಾಡದ ಕಾಲೇಜೊಂದು ಅವರ ಹೆಸರನ್ನು ಹೊತ್ತಿದೆ. ಬೆಂಗಳೂರಿನಲ್ಲಿ ಅವರ ಪ್ರತಿಮೆ ನಿಂತಿದೆ. ಇವೆರಡಕ್ಕಿಂತಲೂ ಮಿಗಿಲಾದ ಸ್ಮಾರಕವೆಂದರೆ ಕನ್ನಡಿಗರು ಸಂದೇಹ ಬಂದಾಗ ಇಂದಿಗೂ ತೆರೆಯುವ ಅವರ ನಿಘಂಟು. ಅಲ್ಲಿ ಒಂದು ಪದವನ್ನು ನೋಡಿ ಎಂದು ಸೂಚಿಸಿದ್ದರೆ, ಹುಡುಕಿ ಹೋದವನಿಗೆ ಆ ಪದ ಸಿಕ್ಕುತ್ತದೆ ಎಂಬ ಭರವಸೆ ಆ ನಿಘಂಟಿನ ಮೇಲಿದೆ. ಆ ಭರವಸೆಯನ್ನು ಗಳಿಸಲು ಕಿಟೆಲರು ತೆತ್ತ ಬೆಲೆ ತಮ್ಮ ಆಯುಷ್ಯದ ಬಹುಭಾಗ.